ಕಬ್ಬಿನ ನಡುವೆ ಹೂವಿನ ಹಿತ್ತಲ

ನಮ್ಮೂರು ಜಮಖಂಡಿ. ಹಿತ್ತಲ ದಾಟಿದರೆ ಕಣ್ಣು ಹಾಯುವಷ್ಟು ದೂರ ಕಬ್ಬು. ಆರು ವರ್ಷದ ಹಿಂದೆ ಕುಂಬಳ ಬಳ್ಳಿ ಹಬ್ಬಿಸಿದ್ದೆ. ಹೂವಿಗೆ ಕೊರತೆ ಇರಲಿಲ್ಲ, ಆದರೆ ಹೆಣ್ಣು ಹೂವಿನ ಬುಡದ ಮಿಡಿಗಾಯಿ ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ. ಒಂದು ಮುಂಜಾನೆ ನಮ್ಮ ಅತ್ತಿ ಬಳ್ಳಿಯ ಮುಂದೆ ಕುಳಿತು ನೋಡಿ, ‘ಹುಳಾನ ಬರವಲ್ವು, ಕಾಯಿ ಹೆಂಗ ನಿಂದರತೈತಿ?’ ಎಂದರು. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿದೆ, ಕಾಯಿ ನಿಂತಿತು.

ಕಬ್ಬು ಹುಲ್ಲಿನ ಜಾತಿ. ಎಷ್ಟು ಹಸಿರಾಗಿದ್ದರೂ ಅದರಲ್ಲಿ ಜೇನ್ನೊಣಕ್ಕೆ ಮಕರಂದವಿಲ್ಲ. ಹಿತ್ತಲಲ್ಲಾದರೂ ಹೂ ಬೆಳೆಸೋಣವೆಂದು ನರ್ಸರಿಯಿಂದ ಮುದ್ದೆ ದಾಸವಾಳ, ಕಾಗದದ ಹೂ ತಂದೆ. ಹುಳ ಬರಲಿಲ್ಲ. ಮುದ್ದೆ ದಾಸವಾಳದಲ್ಲಿ ಪರಾಗ ಕೊಡುವ ಕೇಸರಗಳೇ ಎಸಳಾಗಿರುತ್ತವೆ. ಕಾಗದದ ಹೂವಿನಲ್ಲಿ ಬಣ್ಣದ್ದೆಲ್ಲ ಎಲೆ; ನಿಜವಾದ ಹೂ ಒಳಗಿನ ಪುಟ್ಟ ಬಿಳಿ ಕೊಳವೆ. ಐದೆಸಳಿನ ಕೆಂಪು ದಾಸವಾಳ ನೆಟ್ಟ ಮೇಲೆ ಸೂರಕ್ಕಿ ದಿನಾ ಬರತೊಡಗಿತು.

ಎರಡನೆಯ ತಪ್ಪು, ಮಳೆಗಾಲಕ್ಕಷ್ಟೇ ಹೂ ನೋಡಿಕೊಂಡದ್ದು. ಬೇಸಿಗೆಯಲ್ಲಿ ಎರಿ ನೆಲ ಬಿರುಕು ಬಿಟ್ಟಾಗ ಹಿತ್ತಲೂ ಬರಿದು. ಆಗ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದರಂತೆ ಗಿಡದ ಹೆಸರು ಬರೆದೆ. ಮಾರ್ಚ್‌–ಏಪ್ರಿಲ್‌ಗೆ ಬೇವು, ಅದರ ಬೆನ್ನಿಗೆ ಹೊಂಗೆ. ಇವುಗಳ ಬೇರು ಆಳಕ್ಕಿಳಿಯುವುದರಿಂದ ಬಿಸಿಲಿಗೆ ಬಗ್ಗುವುದಿಲ್ಲ. ಮಳೆಯಿಂದ ಚಳಿಯವರೆಗೆ ತುಳಸಿ. ದೀಪಾವಳಿಯ ಆಸುಪಾಸು ಬದುವಿನ ತೊಗರಿ. ನಡುವಿನ ತಿಂಗಳುಗಳಿಗೆ ನುಗ್ಗೆ, ಮೂಲೆಯಲ್ಲಿ ತಾನೇ ಎದ್ದ ಎಕ್ಕೆ. ಕರಿ ದುಂಬಿಗೆ ಎಕ್ಕೆ ಬಲು ಇಷ್ಟ. ಮೊದಲು ಅದನ್ನು ಕಳೆಯೆಂದು ಕಿತ್ತೆಸೆಯುತ್ತಿದ್ದೆ.

ಎರಿ ಮಣ್ಣಿನಲ್ಲಿ ನೀರು ನಿಂತು ತುಳಸಿ ಎರಡು ಸಲ ಕೊಳೆಯಿತು. ಮರಳು ಬೆರೆಸಿ ಏರುಮಡಿ ಮಾಡಿದ ಮೇಲೆ ಉಳಿಯಿತು. ತೆನೆ ಬಂದಾಗ ಅರ್ಧ ಮಾತ್ರ ಚಿವುಟುತ್ತೇನೆ, ಉಳಿದದ್ದು ಜೇನಿಗೆ. ಬನಹಟ್ಟಿಯ ನೇಕಾರರ ಓಣಿಯಲ್ಲಿರುವ ತಂಗಿಗೆ ಹಿತ್ತಲಿಲ್ಲ. ಅವಳ ಮಾಳಿಗೆಯ ಕುಂಡದ ತುಳಸಿಗೂ ನೊಣ ಹುಡುಕಿಕೊಂಡು ಬರುತ್ತವೆ.

ಈಗಲೂ ನೆನೆದರೆ ಸಂಕಟವಾಗುವುದು ಮೂರನೆಯ ತಪ್ಪು. ದಾಸವಾಳದ ಹಿಟ್ಟುತಿಗಣೆಗೆಂದು ಹೂ ಅರಳಿದ ಹೊತ್ತಿನಲ್ಲಿ ಔಷಧ ಹೊಡೆದು, ಗಿಡದ ಕೆಳಗೆ ಸತ್ತ ಜೇನ್ನೊಣಗಳನ್ನು ಬಾಚಿದ್ದೆ. ಈಗ ತಿಗಣೆ ಕಂಡ ಟೊಂಗೆಯನ್ನು ಮೊದಲು ಕತ್ತರಿಸುತ್ತೇನೆ. ಬೇವಿನೆಣ್ಣೆ ಹೊಡೆಯಲೇಬೇಕಾದರೆ ಹೊತ್ತು ಮುಳುಗಿದ ಮೇಲೆ.

ಹೋದ ಬೇಸಿಗೆಯಲ್ಲಿ ನಿಂಬೆಯ ಟೊಂಗೆಗೆ ಅಂಗೈಯಗಲದ ಕೋಲುಜೇನು ಕಟ್ಟಿತು. ಹೊಗೆ ಹಾಕಲು ಯಾರಿಗೂ ಬಿಡಲಿಲ್ಲ. ಆ ಮಳೆಗಾಲದಲ್ಲಿ ಕುಂಬಳದ ಗಂಡು ಹೂ ಕಿತ್ತು ಸವರುವ ಕೆಲಸ ನನಗೆ ಬೀಳಲಿಲ್ಲ.