ನದೀತೀರದ ಪರಂಪರೆ ಮತ್ತು ಅದರ ಪಾಲನೆ: ಫೇರ್‌ಮೌಂಟ್ ಉದ್ಯಾನದ ಒಂದು ಅಧ್ಯಯನ

ನದಿಗಳ ದಡದಲ್ಲಿ ನಾಗರಿಕತೆಗಳು ಬೆಳೆದವೆಂಬ ಮಾತು ಚರಿತ್ರೆಯ ಮೊದಲ ಪಾಠದಲ್ಲಿಯೇ ವಿದ್ಯಾರ್ಥಿಗಳ ಕಿವಿಗೆ ಬೀಳುತ್ತದೆ. ಆದರೆ ಹಾಗೆ ಬೆಳೆದ ನಾಗರಿಕತೆಯು ತನಗೆ ನೀರುಣಿಸಿದ ನದಿಯನ್ನು ಹೇಗೆ ನಡೆಸಿಕೊಂಡಿತು, ಅದರ ದಂಡೆಯಲ್ಲಿ ತಾನೇ ಕಟ್ಟಿದ ಸೇತುವೆಗಳನ್ನೂ ಮನೆಗಳನ್ನೂ ಎಷ್ಟರಮಟ್ಟಿಗೆ ಕಾಪಾಡಿಕೊಂಡಿತು ಎಂಬ ಪ್ರಶ್ನೆಯನ್ನು ಪಾಠಪುಸ್ತಕಗಳು ಕೇಳುವುದು ವಿರಳ. ಈ ಪ್ರಶ್ನೆಯನ್ನಿಟ್ಟುಕೊಂಡು ಅಭ್ಯಾಸ ಮಾಡಲು ಯೋಗ್ಯವಾದ ಸ್ಥಳಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಫೇರ್‌ಮೌಂಟ್ ಉದ್ಯಾನವೂ ಒಂದು. ಸ್ಕೂಲ್ಕಿಲ್ ನದಿಯ ಎರಡು ದಡಗಳಲ್ಲಿ ಎರಡು ಸಾವಿರ ಎಕರೆಗೂ ಮಿಗಿಲಾಗಿ ಹಬ್ಬಿರುವ ಈ ಉದ್ಯಾನದಲ್ಲಿ ನೀರೆತ್ತುವ ಯಂತ್ರಾಗಾರ, ದೋಣಿಮನೆಗಳ ಸಾಲು, ಬಗೆಬಗೆಯ ಸೇತುವೆಗಳು, ಹಳೆಯ ಮಹಲುಗಳು ಒಂದೆಡೆ ಕಾಣಸಿಗುತ್ತವೆ. ಇವು ಬಿಡಿಬಿಡಿಯಾದ ಸುಂದರ ವಸ್ತುಗಳಲ್ಲ. ಇವೆಲ್ಲವನ್ನೂ ಪೋಣಿಸಿರುವ ಸೂತ್ರ ನೀರು.

ನೀರಿನ ಚಿಂತೆ

1682ರಲ್ಲಿ ವಿಲಿಯಂ ಪೆನ್ ಸ್ಥಾಪಿಸಿದ ಫಿಲಡೆಲ್ಫಿಯಾ ಮುಂದಿನ ನೂರು ವರ್ಷಗಳಲ್ಲಿ ದೊಡ್ಡ ಪಟ್ಟಣವಾಗಿ ಬೆಳೆಯಿತು. 1793ರಲ್ಲಿ ಅಲ್ಲಿ ಹಬ್ಬಿದ ಹಳದಿ ಜ್ವರಕ್ಕೆ ಸುಮಾರು 5,000 ಜನ ಬಲಿಯಾದರು. ಅಂದರೆ ಪಟ್ಟಣದ ಹತ್ತರಲ್ಲೊಂದು ಪಾಲು ಜನ. ಆ ಜ್ವರವನ್ನು ಹರಡುವುದು ಸೊಳ್ಳೆಯೆಂಬ ಸಂಗತಿ ಆಗ ಯಾರಿಗೂ ತಿಳಿದಿರಲಿಲ್ಲ. ಕೊಳಕು ಬಾವಿಗಳೂ ಬೀದಿಯ ಹೊಲಸೂ ಕಾರಣವೆಂದು ಬಗೆದ ಜನ ಶುದ್ಧವಾದ ನೀರು ಬೇಕೆಂದು ಒತ್ತಾಯಿಸಿದರು. ಊಹೆ ತಪ್ಪಾಗಿದ್ದರೂ ಅದರಿಂದ ಹುಟ್ಟಿದ ಕಾರ್ಯ ಸತ್ಫಲವನ್ನೇ ಕೊಟ್ಟಿತು. ಬೆಂಜಮಿನ್ ಲಾಟ್ರೋಬ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1801ರಲ್ಲಿ ಉಗಿಯಂತ್ರಗಳ ಮೂಲಕ ನದಿಯ ನೀರು ಪಟ್ಟಣಕ್ಕೆ ಹರಿಯಿತು. ಅದು ಸಾಲದೆ ಹೋದಾಗ, ಅವನ ಸಹಾಯಕನಾಗಿದ್ದ ಫ್ರೆಡರಿಕ್ ಗ್ರಾಫ್ ಎಂಬವನು ಫೇರ್‌ಮೌಂಟ್ ಗುಡ್ಡದ ಬುಡದಲ್ಲಿ 1812ರಿಂದ 1815ರ ಅವಧಿಯಲ್ಲಿ ಹೊಸ ಯಂತ್ರಾಗಾರವನ್ನು ಕಟ್ಟಿಸಿದನು.

ಉಗಿಯಂತ್ರಗಳು ರಾಶಿರಾಶಿ ಸೌದೆಯನ್ನು ನುಂಗುತ್ತಿದ್ದವು. ಕೆಲಸಗಾರರಿಗೆ ಅಪಾಯಕರವೂ ಆಗಿದ್ದವು. ಆದುದರಿಂದ ನದಿಗೆ ಅಡ್ಡಲಾಗಿ ಒಂದು ಒಡ್ಡನ್ನು ಕಟ್ಟಿ, 1822ರಿಂದ ನದಿಯ ಬಲದಿಂದಲೇ ನೀರನ್ನು ಮೇಲೆತ್ತುವ ಏರ್ಪಾಡಾಯಿತು. ಒಡ್ಡಿನ ಹಿಂದೆ ನಿಂತ ನೀರು ದೊಡ್ಡ ಗಾಲಿಗಳನ್ನು ತಿರುಗಿಸುತ್ತಿತ್ತು. ಗಾಲಿಗಳು ಪಂಪುಗಳನ್ನು ನಡೆಸುತ್ತಿದ್ದವು. ಪಂಪುಗಳು ಗುಡ್ಡದ ನೆತ್ತಿಯ ಕೊಳಗಳಿಗೆ ನೀರನ್ನೇರಿಸುತ್ತಿದ್ದವು. ಅಲ್ಲಿಂದ ನೀರು ತನ್ನ ಭಾರದಿಂದಲೇ ಮನೆಮನೆಗೆ ಇಳಿಯುತ್ತಿತ್ತು. ಈ ಯಂತ್ರಗಳ ಮೇಲೆ ಗ್ರೀಕ್ ದೇವಾಲಯದ ಮಾದರಿಯ ಕಂಬಗಳ ಮಂದಿರಗಳನ್ನು ನಿಲ್ಲಿಸಿದ್ದರಿಂದ ನೀರೆತ್ತುವ ಸ್ಥಳವೇ ಪ್ರೇಕ್ಷಣೀಯವಾಯಿತು. 1842ರಲ್ಲಿ ಬಂದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಇದನ್ನು ಮೆಚ್ಚಿ ಬರೆದನು.

ಉದ್ಯಾನದ ಉದಯ

ನೀರನ್ನು ಎತ್ತಿದರೆ ಸಾಲದು, ಅದು ಕೆಡದಂತೆ ನೋಡಿಕೊಳ್ಳಬೇಕೆಂಬ ಅರಿವು ಕ್ರಮೇಣ ಮೂಡಿತು. ಯಂತ್ರಾಗಾರದ ಮೇಲ್ಭಾಗದ ದಡದಲ್ಲಿ ಕಾರ್ಖಾನೆಗಳು ತಲೆಯೆತ್ತಿದರೆ ಅವುಗಳ ಕಲ್ಮಷವೆಲ್ಲ ಪಟ್ಟಣಿಗರ ಬಿಂದಿಗೆಗೆ ಬರುವುದು ಖಂಡಿತ. ಆದಕಾರಣ ನಗರಾಡಳಿತವು 1844ರಲ್ಲಿ ಲೆಮನ್ ಹಿಲ್ ಎಂಬ ನದೀತೀರದ ಎಸ್ಟೇಟನ್ನು ಕೊಂಡುಕೊಂಡಿತು. 1855ರಲ್ಲಿ ಅದು ಸಾರ್ವಜನಿಕ ಉದ್ಯಾನವಾಯಿತು. 1867ರಲ್ಲಿ ಫೇರ್‌ಮೌಂಟ್ ಉದ್ಯಾನ ಆಯೋಗ ರಚನೆಯಾಗಿ, ನದಿಯ ಎರಡು ದಡಗಳೂ ವಿಸಾಹಿಕನ್ ಎಂಬ ಉಪನದಿಯ ಕಣಿವೆಯೂ ಒಂದೊಂದಾಗಿ ಅದರ ವಶಕ್ಕೆ ಬಂದವು. ಹೂವಿನ ಪಾತಿಗಿಂತ ಮೊದಲು ಕುಡಿಯುವ ನೀರಿನ ಹಿತವೇ ಈ ಉದ್ಯಾನದ ಮೂಲವೆಂಬುದು ನೆನಪಿಡಬೇಕಾದ ವಿಷಯ.

ಈ ರಕ್ಷಣೆಗೆ ಬೆಲೆಯನ್ನೂ ತೆರಬೇಕಾಯಿತು. ವಿಸಾಹಿಕನ್ ಕಣಿವೆಯಲ್ಲಿ ಹಿಟ್ಟಿನ ಗಿರಣಿಗಳೂ ಕಾಗದದ ಗಿರಣಿಗಳೂ ಸಾಲಾಗಿದ್ದವು. ಬ್ರಿಟಿಷ್ ಅಮೆರಿಕದ ಮೊಟ್ಟಮೊದಲ ಕಾಗದದ ಗಿರಣಿ 1690ರಲ್ಲಿ ಆರಂಭವಾದದ್ದು ಈ ಕಣಿವೆಯಲ್ಲಿಯೇ. ನೀರು ಶುದ್ಧವಾಗಬೇಕೆಂದು ಆಯೋಗವು ಗಿರಣಿಗಳನ್ನು ಕೊಂಡು ಬಹುಪಾಲನ್ನು ಕೆಡವಿತು. ಇಂದು ಕಣಿವೆ ಕಾಡಿನಂತೆ ಕಾಣುತ್ತದೆ. ಆದರೆ ಆ ಹಸುರಿನ ಅಡಿಯಲ್ಲಿ ದುಡಿಮೆಯ ಒಂದು ಇತಿಹಾಸ ಅಡಗಿದೆ. ಒಂದನ್ನು ಉಳಿಸುವ ಕೈ ಇನ್ನೊಂದನ್ನು ಅಳಿಸಬಹುದೆಂಬ ಎಚ್ಚರ ಪರಂಪರೆಯ ಅಭ್ಯಾಸಿಗೆ ಸದಾ ಇರಬೇಕು.

ಇಷ್ಟಾದರೂ ಮೂಲ ಉದ್ದೇಶ ಪೂರ್ತಿ ಈಡೇರಲಿಲ್ಲ. ಉದ್ಯಾನದ ಎಲ್ಲೆಯಾಚೆ ಮೇಲ್ದಂಡೆಯ ಊರುಗಳ ಚರಂಡಿಗಳೂ ಕಾರ್ಖಾನೆಗಳೂ ನದಿಯನ್ನು ಕೆಡಿಸುತ್ತಲೇ ಇದ್ದವು. ವಿಷಮಶೀತಜ್ವರ ಪಟ್ಟಣವನ್ನು ಕಾಡಿತು. ಕೊನೆಗೆ ಮರಳಿನ ಮೂಲಕ ನೀರನ್ನು ಸೋಸುವ ಹೊಸ ಸ್ಥಾವರಗಳು ಬಂದು, 1909ರಲ್ಲಿ ಫೇರ್‌ಮೌಂಟಿನ ಗಾಲಿಗಳು ನಿಂತವು. ಉದ್ದೇಶ ಮುಗಿದ ಕಟ್ಟಡವನ್ನು ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿಂದ ಆರಂಭವಾಯಿತು.

ದೋಣಿಮನೆಗಳು

ನೀರಿನ ಗಾಲಿಗಾಗಿ ಕಟ್ಟಿದ ಒಡ್ಡು ಯಾರೂ ಎಣಿಸದ ಇನ್ನೊಂದು ಉಪಕಾರವನ್ನು ಮಾಡಿತ್ತು. ಅದರ ಹಿಂದೆ ನದಿಯು ಉದ್ದನೆಯ ಕೆರೆಯಂತೆ ಶಾಂತವಾಗಿ ನಿಂತಿತು. ಬೇಸಗೆಯಲ್ಲಿ ದೋಣಿಯ ಪಂದ್ಯಗಳಿಗೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಾಟಕ್ಕೂ ಅದು ಪ್ರಶಸ್ತವಾಯಿತು. 1858ರಲ್ಲಿ ಹುಟ್ಟುಗಾರರ ಸಂಘಗಳು ಕೂಡಿ ಸ್ಕೂಲ್ಕಿಲ್ ನೇವಿ ಎಂಬ ಒಕ್ಕೂಟವನ್ನು ಕಟ್ಟಿದವು. ಹೆಸರು ನೌಕಾಸೈನ್ಯದ್ದಾದರೂ ಅದು ಹವ್ಯಾಸಿ ಕ್ರೀಡಾಸಂಸ್ಥೆ.

ಈ ಸಂಘಗಳ ದೋಣಿಮನೆಗಳ ಸಾಲಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮನೆ 1860ರದು. ಅದನ್ನು ಕಟ್ಟಿಸಿದ್ದು ಜಾರಾಟದವರ ಸಂಘ. ಮಂಜುಗಡ್ಡೆ ಒಡೆದು ನೀರಿಗೆ ಬಿದ್ದವರನ್ನು ಎಳೆದು ಬದುಕಿಸಲು ಹಗ್ಗವನ್ನಿಟ್ಟುಕೊಂಡಿರುವುದು ಅದರ ಸದಸ್ಯರ ಕರ್ತವ್ಯಗಳಲ್ಲೊಂದಾಗಿತ್ತು. ಮುಂದೆ ಬಂದ ಮನೆಗಳಲ್ಲಿ ಅಂಡೀನ್ ಸಂಘದ ಮನೆಯನ್ನು ಫ್ರ್ಯಾಂಕ್ ಫರ್ನೆಸ್ ಎಂಬ ಹೆಸರಾಂತ ವಾಸ್ತುಶಿಲ್ಪಿ 1880ರ ದಶಕದ ಆರಂಭದಲ್ಲಿ ರೂಪಿಸಿದನು. ಈ ಮನೆಗಳ ಆಕಾರ ಅವುಗಳ ಕೆಲಸದಿಂದಲೇ ಹುಟ್ಟಿದ್ದು. ಎಂಟು ಜನ ಹುಟ್ಟು ಹಾಕುವ ಪಂದ್ಯದ ದೋಣಿ ಸುಮಾರು 60 ಅಡಿ ಉದ್ದ. ಅಗಲವೋ ಒಬ್ಬನು ಕೂರುವಷ್ಟು ಮಾತ್ರ. ಆದುದರಿಂದ ನೆಲ ಅಂತಸ್ತು ಹಿಂದಕ್ಕೆ ಉದ್ದವಾಗಿ ಚಾಚಿ, ನೀರಿನ ಕಡೆಗೆ ಅಗಲವಾದ ಬಾಗಿಲುಗಳನ್ನು ಪಡೆಯಿತು. ಮೇಲಿನ ಅಂತಸ್ತಿನಲ್ಲಿ ಸದಸ್ಯರು ಸೇರುವ ಕೊಠಡಿಗಳೂ ಪಂದ್ಯವನ್ನು ನೋಡುವ ಮೊಗಸಾಲೆಯೂ ಬಂದವು.

ಬಹುಕಾಲ ಈ ಸಂಘಗಳು ಪುರುಷರಿಗಷ್ಟೇ ತೆರೆದಿದ್ದವು. 1938ರಲ್ಲಿ ಮಹಿಳೆಯರೇ ತಮ್ಮ ದೋಣಿ ಸಂಘವನ್ನು ಸ್ಥಾಪಿಸಿ, ಜಾರಾಟದವರ ಆ ಹಳೆಯ ಮನೆಯಲ್ಲಿ ನೆಲೆನಿಂತರು. ಸಾಲಿನ ಅತ್ಯಂತ ಹಳೆಯ ಕಟ್ಟಡವು ಹೊಸ ಕಾಲದ ನ್ಯಾಯಕ್ಕೆ ಮನೆಯಾದದ್ದು ಅರ್ಥಪೂರ್ಣವಾದ ಸಂಗತಿ. 1979ರಲ್ಲಿ ಬೆಳಕಿನ ವಿನ್ಯಾಸಕಾರ ರೇ ಗ್ರೆನಾಲ್ಡ್ ಮನೆಗಳ ಅಂಚುಗಳಿಗೆ ಸಾಲುದೀಪಗಳನ್ನು ಹೊಂದಿಸಿದ ಮೇಲೆ, ನದಿಯಲ್ಲಿ ಪ್ರತಿಬಿಂಬಿಸುವ ಆ ದೀಪಾವಳಿ ನಗರದ ಗುರುತೇ ಆಯಿತು. 1987ರಲ್ಲಿ ಈ ಸಾಲು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಮಾನ್ಯವಾಯಿತು.

ಸೇತುವೆಗಳು

ಸೇತುವೆ ಕಟ್ಟುವ ವಿದ್ಯೆಯ ಚರಿತ್ರೆಯನ್ನೇ ಈ ನದಿಯ ಮೇಲೆ ಓದಬಹುದು. 1812ರಲ್ಲಿ ಲೂಯಿಸ್ ವೆರ್ನ್‌ವಾಗ್ ಎಂಬವನು ಫೇರ್‌ಮೌಂಟ್ ಬಳಿ 340 ಅಡಿ ಅಗಲವನ್ನು ಒಂದೇ ಕಮಾನಿನಲ್ಲಿ ದಾಟಿದ ಮರದ ಸೇತುವೆಯನ್ನು ಕಟ್ಟಿದನು. ಕೊಲಾಸಸ್ ಎಂದು ಖ್ಯಾತವಾಗಿದ್ದ ಅದು 1838ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ಸ್ಥಳದಲ್ಲಿ 1842ರಲ್ಲಿ ಚಾರ್ಲ್ಸ್ ಎಲೆಟ್ ತಂತಿಯ ತೂಗುಸೇತುವೆಯನ್ನು ನಿರ್ಮಿಸಿದನು. ಅಮೆರಿಕದ ದೊಡ್ಡ ತಂತಿ ತೂಗುಸೇತುವೆಗಳ ಪರಂಪರೆ ಅಲ್ಲಿಂದ ಮೊದಲಾಯಿತು. ಅದೂ ಇಂದು ಉಳಿದಿಲ್ಲ.

ಉಳಿದವುಗಳಲ್ಲಿ ವಿಸಾಹಿಕನ್ ಕಣಿವೆಯ ಥಾಮಸ್ ಮಿಲ್ ಸೇತುವೆ ಚಿಕ್ಕದಾದರೂ ಗಮನಾರ್ಹವಾದುದು. 1855ರ ಈ ಮರದ ಸೇತುವೆಗೆ ಗೋಡೆಯೂ ಸೂರೂ ಉಂಟು. ಸೂರು ದಾರಿಹೋಕರಿಗಾಗಿ ಅಲ್ಲ, ಸೇತುವೆಯನ್ನು ಹೊತ್ತ ತೊಲೆಗಳು ಮಳೆಗೆ ಕೊಳೆಯದಿರಲೆಂದು. 1939ರ ಹೊತ್ತಿಗೆ ಸರ್ಕಾರದ ಉದ್ಯೋಗ ಯೋಜನೆಯ ಕೆಲಸಗಾರರು ಇದನ್ನು ಜೀರ್ಣೋದ್ಧಾರ ಮಾಡಿದರು. ಮಹಾನಗರವೊಂದರ ಎಲ್ಲೆಯೊಳಗೆ ಅಮೆರಿಕದಲ್ಲಿ ಉಳಿದಿರುವ ಸೂರಿನ ಸೇತುವೆ ಇದೊಂದೇ. ಇನ್ನು 1897ರ ಸ್ಟ್ರಾಬೆರಿ ಮ್ಯಾನ್ಷನ್ ಉಕ್ಕಿನ ಕಮಾನು ಸೇತುವೆ ವಿಹಾರಾರ್ಥಿಗಳ ಟ್ರಾಮುಗಳಿಗಾಗಿ ಹುಟ್ಟಿದ್ದು. 1946ರಲ್ಲಿ ಟ್ರಾಮು ನಿಂತಿತು. ಸೇತುವೆ ಇತರ ವಾಹನಗಳನ್ನೂ ಪಾದಚಾರಿಗಳನ್ನೂ ಹೊತ್ತು ಬಾಳುತ್ತಿದೆ.

ಚಿತ್ರಕಾರ ಥಾಮಸ್ ಈಕಿನ್ಸ್ 1871ರಲ್ಲಿ ಈ ನದಿಯ ಮೇಲೆ ಒಂಟಿ ದೋಣಿಯಲ್ಲಿ ಕುಳಿತ ಮ್ಯಾಕ್ಸ್ ಸ್ಮಿಟ್ ಎಂಬ ತನ್ನ ಗೆಳೆಯನನ್ನು ಚಿತ್ರಿಸಿದನು. ಅವನ ಹಿಂದೆ ಎರಡು ಸೇತುವೆಗಳು ಕಾಣುತ್ತವೆ. ಒಂದು 1867ರ ರೈಲು ಸೇತುವೆ; ಮಾರ್ಪಾಟುಗಳೊಂದಿಗೆ ಅದು ಇಂದಿಗೂ ಬಳಕೆಯಲ್ಲಿದೆ. ಇನ್ನೊಂದು ಗಿರಾರ್ಡ್ ಅವೆನ್ಯೂ ಸೇತುವೆ. ಅದು ಮೂರೇ ವರ್ಷಗಳಲ್ಲಿ ತೆರವಾಗಿ, ಅದರ ಜಾಗದಲ್ಲಿ ಮತ್ತೆ ಮತ್ತೆ ಬೇರೆ ಸೇತುವೆಗಳು ಬಂದಿವೆ. ಒಂದೇ ಚಿತ್ರದಲ್ಲಿ ಉಳಿದದ್ದೂ ಅಳಿದದ್ದೂ ಒಟ್ಟಿಗಿವೆ.

ಎರಡು ಮಂದಿರಗಳ ಕಥೆ

ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವಕ್ಕಾಗಿ 1876ರಲ್ಲಿ ಈ ಉದ್ಯಾನದ ಪಶ್ಚಿಮ ಭಾಗದಲ್ಲಿ ಮಹಾಪ್ರದರ್ಶನ ನಡೆಯಿತು. ಹರ್ಮನ್ ಶ್ವಾರ್ಟ್ಸ್‌ಮನ್ ಎಂಬ ಒಬ್ಬನೇ ಶಿಲ್ಪಿ ಎರಡು ಶಾಶ್ವತ ಕಟ್ಟಡಗಳನ್ನು ರೂಪಿಸಿದನು: ಕಲೆಗಾಗಿ ಮೆಮೋರಿಯಲ್ ಹಾಲ್, ಗಿಡಮರಗಳಿಗಾಗಿ ಹಾರ್ಟಿಕಲ್ಚರಲ್ ಹಾಲ್ ಎಂಬ ಗಾಜಿನ ಮಂದಿರ. ಎರಡನೆಯದು ಬಿರುಗಾಳಿಯ ಹಾನಿಗೆ ತುತ್ತಾಗಿ, ಸರಿಪಡಿಸುವವರಿಲ್ಲದೆ 1955ರಲ್ಲಿ ನೆಲಸಮವಾಯಿತು. ಮೊದಲನೆಯದು ವಸ್ತುಸಂಗ್ರಹಾಲಯವಾಗಿ, ಕಚೇರಿಯಾಗಿ, 2008ರಿಂದ ಮಕ್ಕಳ ವಸ್ತುಸಂಗ್ರಹಾಲಯವಾಗಿ ಬದುಕಿದೆ. ಶಿಲ್ಪಿ ಒಬ್ಬನೇ, ವರ್ಷ ಒಂದೇ, ಉದ್ಯಾನ ಒಂದೇ. ಒಂದಕ್ಕೆ ಹೊಸ ಕೆಲಸ ಒದಗಿತು, ಇನ್ನೊಂದಕ್ಕೆ ಒದಗಲಿಲ್ಲ.

ನೀರಿನ ಯಂತ್ರಾಗಾರದ ಉತ್ತರಚರಿತ್ರೆಯೂ ಇದನ್ನೇ ಹೇಳುತ್ತದೆ. 1911ರಿಂದ 1962ರವರೆಗೆ ಅದು ಮತ್ಸ್ಯಾಲಯವಾಗಿತ್ತು. ಕೆಲಕಾಲ ಅದರೊಳಗೆ ಈಜುಕೊಳವೂ ಇತ್ತು. ಬಳಿಕ ಪಾಳುಬಿದ್ದಿತು. 1976ರಲ್ಲಿ ರಾಷ್ಟ್ರೀಯ ಸ್ಮಾರಕದ ಮನ್ನಣೆ ದೊರೆತರೂ ಮನ್ನಣೆಯ ಫಲಕ ಸೋರುವ ಸೂರನ್ನು ಮುಚ್ಚಲಾರದು. ವರ್ಷಗಟ್ಟಲೆ ನಡೆದ ದುರಸ್ತಿಯ ಅನಂತರ 2003ರಲ್ಲಿ ಅಲ್ಲಿ ಜಲಶಿಕ್ಷಣದ ಕೇಂದ್ರ ತೆರೆಯಿತು. ನೀರು ಎಲ್ಲಿಂದ ಬರುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಶಾಲಾಮಕ್ಕಳು ಅಲ್ಲಿ ಕಲಿಯುತ್ತಾರೆ. ಫಿಲಡೆಲ್ಫಿಯಾ ಇಂದಿಗೂ ಕುಡಿಯುವ ನೀರಿನ ಒಂದು ಪಾಲನ್ನು ಈ ನದಿಯಿಂದಲೇ ಪಡೆಯುತ್ತಿರುವುದರಿಂದ ಆ ಪಾಠ ಗತಕಾಲದ್ದಲ್ಲ.

ಪಾಲನೆಯ ಭಾರ

ಉಳಿಸಿಕೊಂಡ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಒಡ್ಡು ನೀರನ್ನು ನಿಲ್ಲಿಸಿದಂತೆ ಹೂಳನ್ನೂ ನಿಲ್ಲಿಸುತ್ತದೆ. ಹೂಳು ತುಂಬಿದರೆ ದೋಣಿಯ ಓಟವಿಲ್ಲ. 2020ರಲ್ಲಿ ಪಂದ್ಯದ ಪಥಗಳ ಹೂಳನ್ನು ಎತ್ತಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತದ ಮಳೆಗೆ ನದಿಯು 1869ರಿಂದೀಚೆಗೆ ಕಾಣದಷ್ಟು ಎತ್ತರಕ್ಕೆ ಉಕ್ಕಿತು. ದೋಣಿಮನೆಗಳ ದೀಪಗಳು ಹಳತಾಗಿ 2023ರಲ್ಲಿ ಆರಿಸಲ್ಪಟ್ಟು, 2024ರಲ್ಲಿ ಹೊಸದಾಗಿ ಬೆಳಗಿದವು. ಹೂಳು, ನೆರೆ, ತುಕ್ಕು ಇವು ಒಮ್ಮೆ ಗೆದ್ದು ಮುಗಿಸುವ ಶತ್ರುಗಳಲ್ಲ. ಪ್ರತಿ ತಲೆಮಾರಿಗೂ ಮರಳಿ ಬರುವಂಥವು.

ಹಾಗಾದರೆ ಇಂಥ ಕಟ್ಟಡಗಳ ಪರಂಪರೆಯ ಮೌಲ್ಯವೆಂದರೆ ಯಾವುದು? ವಯಸ್ಸೊಂದೇ ಅಲ್ಲ, ಕೊಲಾಸಸ್ ಇಲ್ಲಿ ಹೇಳಿದ ಬೇರೆಲ್ಲ ಸೇತುವೆಗಳಿಗಿಂತ ಹಳೆಯದಾಗಿತ್ತು. ಸೌಂದರ್ಯವೊಂದೇ ಅಲ್ಲ, ಗಾಜಿನ ಮಂದಿರ ಸುಂದರವಾಗಿಯೇ ಇತ್ತು. ಒಂದು ಸಮುದಾಯವು ತನ್ನ ನೀರು, ದಾರಿ, ಆಟ, ಆರೋಗ್ಯಗಳಿಗಾಗಿ ಕೂಡಿ ಮಾಡಿದ ಸಂಕಲ್ಪದ ಸಾಕ್ಷ್ಯ ಅವುಗಳಲ್ಲಿದೆ. ಆ ಸಾಕ್ಷ್ಯ ಬಾಳುವುದು ಯಾರಾದರೂ ಅವುಗಳನ್ನು ಬಳಸುತ್ತ ದುರಸ್ತಿ ಮಾಡುತ್ತ ಬಂದಾಗ ಮಾತ್ರ.

ದಾನ ಮಾಡುವುದಕ್ಕಿಂತ ಮಾಡಿದ ದಾನವನ್ನು ಪಾಲಿಸುವುದು ಹೆಚ್ಚಿನದೆಂಬ ಭಾವ ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನೋ ಛತ್ರವನ್ನೋ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ವರ್ಷವರ್ಷವೂ ಹೂಳೆತ್ತಿದವನ, ಹೆಂಚು ಸರಿಸಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ದೂರದ ಸ್ಕೂಲ್ಕಿಲ್ ನದಿಯ ದಂಡೆಯೂ ಅದೇ ಮಾತನ್ನು ದೃಢಪಡಿಸುತ್ತದೆ. ಪೆನ್, ಲಾಟ್ರೋಬ್, ಗ್ರಾಫ್ ಇವರ ಹೆಸರುಗಳನ್ನು ಗ್ರಂಥಗಳು ಹೇಳುತ್ತವೆ. ಆದರೆ ಥಾಮಸ್ ಮಿಲ್ ಸೇತುವೆಯ ತೊಲೆಗಳನ್ನು ಒಣದಾಗಿಟ್ಟ ಸೂರನ್ನು ಕಾಲಕಾಲಕ್ಕೆ ಹೊದಿಸಿದ ಕೈಗಳು ಅನಾಮಿಕ. ಅವರ ಕಾಯಕವಿಲ್ಲದಿದ್ದರೆ ಇಂದು ಅಲ್ಲಿ ನೋಡಲು ಸೇತುವೆಯೇ ಇರುತ್ತಿರಲಿಲ್ಲ.