ಎರಡು ಲೋಕಗಳ ಒಡೆಯನೆನಿಸಿಕೊಂಡವನು

ಮುಧೋಳದಿಂದ ತೆಂಕಣಕ್ಕೆ ಹೋದರೆ ಮಲಪ್ರಭೆಯ ದಡದಲ್ಲಿ ಮುನವಳ್ಳಿ ಎಂಬ ಊರು ಸಿಕ್ಕುವದು. 1800ನೆಯ ಇಸವಿಯ ಜುಲೈ 30ರಂದು ಅದರ ಸಮೀಪದಲ್ಲಿ ಧೋಂಡಿಯಾ ವಾಘನ ಪಾಳೆಯವು ಹೊಳೆಯ ಪಾಲಾಯಿತು. ಅವನ ಏಳುಬೀಳುಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಅವನ ಏಳಿಗೆ. ಧೋಂಡಿಯನು ಚನ್ನಗಿರಿಯ ಮರಾಠಾ ಕುಲದವನು. ಮೊದಲು ಮೈಸೂರಿನ ಹೈದರಾಲಿಯ ದಂಡಿನಲ್ಲಿ ರಾವುತನಾಗಿದ್ದನು. ಮುಂದೆ ಆ ಚಾಕರಿಯನ್ನು ಬಿಟ್ಟು ಧಾರವಾಡ ಸೀಮೆಯಲ್ಲಿ ಸುಲಿಗೆ ಮಾಡುತ್ತಿರಲು, ಮರಾಠರ ಸರದಾರನಾದ ಧೋಂಡೋಪಂತ ಗೋಖಲೆಯು ಅವನನ್ನು ಓಡಿಸಿದನು. 1794ರಲ್ಲಿ ಅವನು ಟಿಪ್ಪು ಸುಲ್ತಾನನ ಮರೆಹೊಕ್ಕನು. ಆದರೆ ಕಡೆಗೆ ಅಲ್ಲಿ ಸಂಕೋಲೆಯೇ ಅವನ ಪಾಲಿಗೆ ಬಂತು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಸೆರೆಯಿಂದ ಬಿಡುಗಡೆ ಹೊಂದಿದನು. ಒಡೆಯನನ್ನೂ ಸಂಬಳವನ್ನೂ ಕಳೆದುಕೊಂಡ ಸಿಪಾಯಿಗಳು ಊರೂರು ಅಲೆಯುತ್ತಿದ್ದರು. ಅವರಲ್ಲಿ ಅನೇಕರು ಅವನನ್ನು ಕೂಡಿಕೊಂಡರು. ಸ್ವಲ್ಪ ಕಾಲದಲ್ಲೇ ಬಿದನೂರು ಸೀಮೆಯು ಅವನ ಕೈಸೇರಿತು. ಅವನು ಎರಡು ಲೋಕಗಳ ಅರಸನೆಂಬ ಬಿರುದನ್ನು ಧರಿಸಿದನು.

2. ಅವನ ಬೀಳುವಿಕೆ. ಇಂಗ್ಲಿಷರು ಬೆನ್ನಟ್ಟಲಾಗಿ ಅವನು ತುಂಗಭದ್ರೆಯನ್ನು ದಾಟಿ ಮರಾಠರ ಸೀಮೆಗೆ ಬಂದನು. 1800ನೆಯ ಜೂನ್ ತಿಂಗಳ ಕಡೆಯಲ್ಲಿ ಗೋಖಲೆಯನ್ನು ಕೊಂದು ಹಳೆಯ ಹಗೆಯನ್ನು ತೀರಿಸಿಕೊಂಡನು. ಆದರೆ ಕರ್ನಲ್ ಆರ್ಥರ್ ವೆಲೆಸ್ಲಿಯು ಕುಂದಗೋಳ, ಡಂಬಳ ಮೊದಲಾದ ಕೋಟೆಗಳನ್ನು ಹಿಡಿಯುತ್ತಾ ಹಿಂದೆಯೇ ಬಂದನು. ಮುನವಳ್ಳಿಯ ಬಳಿ ಅನೇಕರು ಹೊಳೆಯಲ್ಲಿ ಮುಳುಗಿ ಸತ್ತರು. ಸುಲಿಗೆಯ ಆಶೆಯಿಂದ ಕೂಡಿದವರು, ಸುಲಿಗೆ ನಿಂತೊಡನೆ ಚದರಿಹೋದರು. ಸೆಪ್ಟೆಂಬರ್ 10ರಂದು ರಾಯಚೂರು ಕಡೆಯ ಕೋಣಗಲ್ಲಿನಲ್ಲಿ ಸುಮಾರು 5000 ರಾವುತರೊಡನೆ ನಿಂತು ಕಾದಿ ಧೋಂಡಿಯನು ಮಡಿದನು. ಸೆರೆಮನೆಯಿಂದ ಹೊರಟು ಹದಿನಾರು ತಿಂಗಳುಗಳಷ್ಟೇ ಆಗಿದ್ದವು.

3. ಉಳಿದ ಕೂಸು. ಸೋತವರ ಸಾಮಾನುಗಳ ನಡುವೆ ಸಲಾಬತ್ ಖಾನನೆಂಬ ಸುಮಾರು ನಾಲ್ಕು ವರುಷದ ಹುಡುಗನು ಸಿಕ್ಕಿದನು. ಅವನು ಧೋಂಡಿಯನ ಮಗನೆಂದು ಹೇಳಲಾಗುತ್ತಿತ್ತು. ವೆಲೆಸ್ಲಿಯು ಅವನನ್ನು ತನ್ನ ಡೇರೆಗೆ ತರಿಸಿ ಸಾಕಿದನು. 1805ರಲ್ಲಿ ಸ್ವದೇಶಕ್ಕೆ ಹೋಗುವಾಗ ಅವನ ಪಾಲನೆಗೆ ಹಣವನ್ನಿಟ್ಟುಹೋದನು. ಹುಡುಗನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ವಾಂತಿಭೇದಿಯ ಬೇನೆಯಿಂದ ತೀರಿಕೊಂಡನು. ಇದೇ ವೆಲೆಸ್ಲಿಯು 1815ರಲ್ಲಿ ವಾಟರ್ಲೂ ಎಂಬಲ್ಲಿ ನೆಪೋಲಿಯನನನ್ನು ಸೋಲಿಸಿದನು.

ಧೋಂಡಿಯನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಉಳುವವನ ಕಣಜವನ್ನು ಸೂರೆಮಾಡಿ ಕಟ್ಟಿದ ರಾಜ್ಯವನ್ನು, ಬೀಳುವಾಗ ಎತ್ತಿ ಹಿಡಿಯುವವರು ಯಾರು? ಹಗೆಯ ಕೂಸಿಗೆ ಅನ್ನವಿಟ್ಟ ಕೈಯಾದರೋ ಇಂದಿಗೂ ನೆನಪಿನಲ್ಲಿದೆ. ಇವೆರಡನ್ನೂ ಮನೆಯಲ್ಲಿ ಮಕ್ಕಳೊಂದಿಗೆ ಓದಿ ಆಲೋಚಿಸಿರಿ.