ಕಾಗದ ಮೊದಲು, ತಾಳಿ ಆಮೇಲೆ

ಗಂಡ ತೀರಿಕೊಂಡ ಮೂರು ತಿಂಗಳಿಗೆ ಹೆಣ್ಣುಮಗಳೊಬ್ಬರು ನನ್ನ ಬಳಿ ಬಂದರು. ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ಹದಿನಾಲ್ಕು ವರ್ಷ ಹಿಂದೂ ಸೊಸೆಯಾಗಿ ಬಾಳಿದವರು. ದೇವಸ್ಥಾನದಲ್ಲಿ ತಾಳಿ ಕಟ್ಟಿದ ಫೋಟೊ ಇತ್ತು, ನೋಂದಣಿ ಪತ್ರವೂ ಇತ್ತು. ತಾಳಿ ಕಟ್ಟಿಸಿಕೊಂಡ ದಿನ ಅವರು ಹಿಂದೂ ಆಗಿದ್ದರು ಎನ್ನುವುದಕ್ಕೆ ಮಾತ್ರ ಒಂದು ಚೂರು ಕಾಗದವಿರಲಿಲ್ಲ. ಮೈದುನ ಅದನ್ನೇ ಹಿಡಿದು, ನೀನು ನನ್ನಣ್ಣನ ಹೆಂಡತಿಯೇ ಅಲ್ಲ ಎಂದ.

1955ರ ಹಿಂದೂ ವಿವಾಹ ಕಾಯ್ದೆ ಮತಾಂತರ ಹೊಂದಿದವರನ್ನೂ ಹಿಂದೂ ಎಂದೇ ಒಪ್ಪುತ್ತದೆ. ಆದರೆ ಮದುವೆಯ ಹೊತ್ತಿಗೆ ವಧುವರರಿಬ್ಬರಿಗೂ ಆ ಕಾಯ್ದೆ ಅನ್ವಯಿಸುತ್ತಿರಬೇಕು. ವರ ಕ್ರೈಸ್ತನಾಗಿಯೇ ಉಳಿದಿದ್ದ ಪ್ರಕರಣವೊಂದರಲ್ಲಿ ದೇವಸ್ಥಾನದ ಮದುವೆ, ನೋಂದಣಿ ಎರಡೂ ಆಗಿದ್ದವು. 2008ರಲ್ಲಿ ಸುಪ್ರೀಂ ಕೋರ್ಟ್ ಆ ಮದುವೆ ಊರ್ಜಿತವಲ್ಲ ಎಂದಿತು. ನೋಂದಣಿ ಪತ್ರ ಕೈಗೆ ಬಂತು ಎಂದು ನೆಮ್ಮದಿಯಾಗಿರುವವರು ಇದನ್ನು ಇನ್ನೊಮ್ಮೆ ಓದಿ.

ಹಾಗಾದರೆ ಹಿಂದೂ ಆಗಲು ಶುದ್ಧಿ ಹೋಮ ಮಾಡಿಸಲೇಬೇಕೇ? ಬೇಕಿಲ್ಲ. ಪ್ರಾಮಾಣಿಕ ಮನಸ್ಸು, ಅದಕ್ಕೆ ತಕ್ಕ ನಡೆ ಇದ್ದರೆ ಸಾಕು ಎಂದು ಪೆರುಮಾಳ್ ನಾಡಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಹೆಣ್ಣುಮಗಳ ಪರವಾಗಿ ನಾನು ಹಿಡಿದದ್ದೂ ಇದನ್ನೇ. ಆದರೆ ನಡೆಗೆ ಸಾಕ್ಷಿ ಹೇಳಬೇಕಿದ್ದ ಪುರೋಹಿತರು ತೀರಿಹೋಗಿದ್ದರು, ಅತ್ತೆ ಮೈದುನನ ಮನೆಯಲ್ಲಿದ್ದರು.

ಕರ್ನಾಟಕದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂದಮೇಲೆ ಬರೀ ನಡೆ ಸಾಲದು. ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಮೂನೆ 1ರಲ್ಲಿ ಘೋಷಣೆ ಕೊಡಬೇಕು. ವಿಧಿ ನಡೆಸುವವರು ನಮೂನೆ 2 ಕೊಡಬೇಕು. ನಿಮ್ಮ ಹೆಸರು ಜಿಲ್ಲಾಧಿಕಾರಿ, ತಹಶೀಲ್ದಾರ್ ಕಚೇರಿಗಳ ಸೂಚನಾ ಫಲಕಕ್ಕೆ ಬರುತ್ತದೆ, ಆಕ್ಷೇಪಣೆ ಕರೆಯುತ್ತಾರೆ. ಮನೆಯವರಿಗೆ ಅಲ್ಲಿಂದಲೇ ಗೊತ್ತಾಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮತಾಂತರವಾದ 30 ದಿನದೊಳಗೆ ಮತ್ತೊಂದು ಘೋಷಣೆ, ಅದನ್ನು ಕಳಿಸಿದ 21 ದಿನದೊಳಗೆ ಖುದ್ದು ಹಾಜರಿ. ಗುಮಾಸ್ತ ಅರ್ಜಿ ಇಟ್ಟು ಹೋಗಿ ಎನ್ನುತ್ತಾನೆ. ಮುದ್ರೆ ಬಿದ್ದ ಸ್ವೀಕೃತಿ ಕೈಗೆ ಬರದೆ ಅಲ್ಲಿಂದ ಕದಲಬೇಡಿ. ಕೊಡದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಹುಟ್ಟಿದ ಮತ ಬಿಟ್ಟು ಹೋಗಿ, ಈಗ ನೇರ ಅದಕ್ಕೇ ಮರಳುವುದು ಈ ಕಾಯ್ದೆಯಡಿ ಮತಾಂತರ ಎನಿಸುವುದೇ ಇಲ್ಲ. ಕಾಯ್ದೆ ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನದಿಂದಲೇ ಕಾಯ್ದೆ ರದ್ದಾಗುವುದಿಲ್ಲ. ಶಾಸನಸಭೆಯ ಒಪ್ಪಿಗೆ, ರಾಜ್ಯಪತ್ರದ ಪ್ರಕಟಣೆ ಬೇಕು. ಹೆಜ್ಜೆ ಇಡುವ ವಾರ ವಕೀಲರಲ್ಲಿ ವಿಚಾರಿಸಿ.

ಬೆಳಿಗ್ಗೆ ಶುದ್ಧಿ, ಮಧ್ಯಾಹ್ನ ತಾಳಿ, ಸಂಜೆ ನೋಂದಣಿ ಎಂದು ಹಣ ಕೀಳುವ ದಲ್ಲಾಳಿಗಳನ್ನು ಕಂಡರೆ ನನಗೆ ಮೈಯುರಿಯುತ್ತದೆ. ಮದುವೆಯ ಆಶ್ವಾಸನೆ ಕೊಟ್ಟು ಮತಾಂತರಿಸುವುದು ಇದೇ ಕಾಯ್ದೆಯಡಿ ಅಪರಾಧ. ಅಕ್ರಮ ಮತಾಂತರವೇ ಉದ್ದೇಶವಾದ ಮದುವೆಯನ್ನು ಕೌಟುಂಬಿಕ ನ್ಯಾಯಾಲಯ ಅಸಿಂಧು ಎನ್ನಬಹುದು. ರಕ್ತಸಂಬಂಧಿಯೊಬ್ಬರು ದೂರು ಕೊಟ್ಟರೆ ಸಾಕು, ದಲ್ಲಾಳಿ ಫೋನ್ ಎತ್ತುವುದಿಲ್ಲ.

ನಿಮಗೆ ಬೇಕಿರುವುದು ಸಂಗಾತಿಯೇ ಹೊರತು ಮತವಲ್ಲ ಎಂದಾದರೆ ಮತ ಬದಲಿಸಲೇಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸು ಕೊಟ್ಟು, ಇಬ್ಬರೂ ಅವರವರ ಮತದಲ್ಲೇ ಇದ್ದು ಮದುವೆಯಾಗಬಹುದು. ಮತದ ಪುರಾವೆಯಿಲ್ಲದೆ ದೇವಸ್ಥಾನದಲ್ಲಿ ಮದುವೆಯಾಗಿ ಇವತ್ತೂ ಒಟ್ಟಿಗೆ ಬಾಳುತ್ತಿರುವವರು ಅದೇ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸಿಕೊಳ್ಳಲು ದಾರಿಯಿದೆ. ಅರ್ಜಿಗೆ ಗಂಡ, ಹೆಂಡತಿ ಇಬ್ಬರ ಸಹಿಯೂ ಬೇಕು. ನನ್ನ ಬಳಿ ಬಂದ ಹೆಣ್ಣುಮಗಳಿಗೆ ಈ ದಾರಿ ಮೂರು ತಿಂಗಳ ಹಿಂದೆಯೇ ಮುಚ್ಚಿಹೋಗಿತ್ತು.